ಪುಷ್ಯ ಮಳೆಗೆ ಬಿಗಿದ ಖಾನೆ

ಪುಷ್ಯ ಮಳೆ ಹಿಡಿದು ಕೂತಿದೆ. ಹಂಚಿನ ಮೇಲೆ ಸುರಿಯುವ ನೀರು, ತೋಟದ ಕಡೆ ತೊನೆದಾಡುವ ಅಡಿಕೆ ಮರಗಳು, ಅಂಗಳದಂಚಿನ ಕಾಲುವೆಯಲ್ಲಿ ನುಗ್ಗುವ ಕೆಂಪು ನೀರು, ಎಲ್ಲದರ ಸದ್ದೂ ಒಂದಾಗಿ, ಜಗಲಿಯಲ್ಲಿ ಪಕ್ಕದಲ್ಲೇ ಕೂತವರ ಮಾತು ಕೇಳಬೇಕಾದರೂ ತಲೆ ಬಗ್ಗಿಸಬೇಕು. ಎರಚಲು ಬಡಿಯದಂತೆ ಜಗಲಿಯ ಹೊರಬದಿಗೆ ಸೋಗೆಯ ತಟ್ಟಿ ಕಟ್ಟಿದ್ದಾರೆ. ಅದರ ಸಂದಿಯಿಂದ ತೂರಿ ಬರುವ ಬೆಳಕು ಹಗಲು ಹನ್ನೊಂದಕ್ಕೂ ಮುಸ್ಸಂಜೆಯದೇ. ಕಾಲು ತೊಳೆದುಕೊಂಡು ಒಳಗೆ ಬನ್ನಿ. ಬೆರಳ ಸಂದಿಯಲ್ಲಿ ಉಂಬಳ ಹತ್ತಿದೆಯೋ ಒಮ್ಮೆ ನೋಡಿಕೊಳ್ಳಿ, ತೋಟದ ದಾರಿಯಲ್ಲಿ ಬಂದವರನ್ನು ಅದು ಸುಮ್ಮನೆ ಬಿಡುವುದಿಲ್ಲ.

ಹೊಸ್ತಿಲು ದಾಟಿದ ಕೂಡಲೇ ಮೂಗಿಗೆ ಬಡಿಯುವುದು ಬಚ್ಚಲ ಒಲೆಯ ಹೊಗೆ. ಅದರ ಬೆನ್ನಿಗೇ ಒಣಗದ ಕಂಬಳಿಯ ವಾಸನೆ, ಒಲೆಯ ಮೇಲೆ ಕುದಿಯುತ್ತಿರುವ ಕಷಾಯದ ಘಮ. ನಡುಮನೆ ದಾಟಿ ಕೋಣೆಗೆ ಹೋದರೆ ಇನ್ನೊಂದು ವಾಸನೆ. ಹಳೇ ಮರ, ಬೂಸು, ನುಸಿಗುಳಿಗೆ ಮೂರೂ ಕೂಡಿದ್ದು. ಬರುತ್ತಿರುವುದು ಗೋಡೆಗೆ ಒರಗಿ ನಿಂತ ಕನ್ನಡಿ ಕಪಾಟಿನಿಂದ. ಮೇಲೆ ಅಂಚು ಕಪ್ಪಿಟ್ಟ ಕನ್ನಡಿ, ಕೆಳಗೆ ಒಂದರ ಕೆಳಗೊಂದರಂತೆ ನಾಲ್ಕು ಖಾನೆ, ಖಾನೆಗೆರಡು ಹಿತ್ತಾಳೆ ಹಿಡಿಕೆ. ಹಿಡಿಕೆಗಳಿಗೆಲ್ಲ ಮಳೆಗಾಲದ ಹಸಿರು ಕಿಲುಬು ಬಂದಿದೆ.

ಖಾನೆಗಳ ಮುಂದಿನ ಹಲಗೆ ಸಾಗವಾನಿ, ಬದಿಯದು ಮತ್ತು ಹಿಂದಿನದು ಹಿತ್ತಲ ಹಲಸು. ಘಟ್ಟದ ಅಂಚಿನ ಈ ನಿತ್ಯಹಸಿರು ಕಾಡು ಸಾಗವಾನಿಯ ಸೀಮೆಯಲ್ಲ. ಅದೇನಿದ್ದರೂ ಯಲ್ಲಾಪುರದ ಆಚೆ, ಹಳಿಯಾಳ, ದಾಂಡೇಲಿ ಕಡೆಯ ಮರ. ಹಾಗಾಗಿ ಕಣ್ಣಿಗೆ ಬೀಳುವಲ್ಲಿ ಸಾಗವಾನಿ, ಬೀಳದಲ್ಲಿ ಹಲಸು ಎಂದು ಹಿಂದಿನವರು ಹಂಚಿಕೊಂಡಿದ್ದಾರೆ. ಹಲಸಿಗೆ ಇದರಿಂದ ಅವಮಾನವೇನಿಲ್ಲ. ಹೊಸತರಲ್ಲಿ ಅರಿಸಿನದ ಬಣ್ಣವಿದ್ದು ವರ್ಷ ಹೋದಂತೆ ಕಂದಿಗೆ ತಿರುಗುವ ಈ ಮರ, ಹುಳಕ್ಕೆ ಸುಲಭಕ್ಕೆ ಸೋಲುವುದಿಲ್ಲ. ಮಳೆಯ ಗಾಳಿಗೆ ಮಾತ್ರ ಮೈ ಬಿಟ್ಟುಕೊಡುತ್ತದೆ.

ಆರಿದ್ರಾ ಮಳೆಗೆ ಮೇಲಿನ ಖಾನೆ ಬಿಗಿಯಾಯಿತು. ಪುನರ್ವಸುವಿಗೆ ಅದರ ಕೆಳಗಿನವೆರಡು. ಈಗ ಪುಷ್ಯದಲ್ಲಿ ನಾಲ್ಕರಲ್ಲಿ ಮೂರು ಅಲುಗುವುದೇ ಇಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ, ರೇಷನ್ ಕಾರ್ಡು ಎಲ್ಲ ಇರುವುದು ಎರಡನೆಯದರಲ್ಲಿ. ಮನೆಯ ಅಮ್ಮ ಕಾಲು ಕೊಟ್ಟು ಎಳೆದಿದ್ದಾರೆ. ಖಾನೆ ಬರಲಿಲ್ಲ, ಹಿಡಿಕೆ ಬಂತು.

ಆಚಾರಿ ಬಂದದ್ದು ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಸಲಕರಣೆಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು. ಚೀಲ ಬಿಚ್ಚಿ ಉಳಿ, ಕೊಡತಿ, ಕೀಸುಳಿ, ಸೀಮೆಸುಣ್ಣದ ತುಂಡು, ಚಪ್ಪಟೆ ಪೆನ್ಸಿಲ್ಲನ್ನು ಸಾಲಾಗಿ ಇಟ್ಟುಕೊಂಡರು. ಕೀಸುಳಿಯನ್ನು ಮಾತ್ರ ತಿರುಗಿ ಚೀಲಕ್ಕೇ ಹಾಕಿದರು.

“ಆಚಾರ್ರೆ, ಬಂದವರು ಒಂಚೂರು ಕೀಸಿಕೊಟ್ಟೇ ಹೋಗಿ. ಬೆಳಗಾಗೆದ್ದು ಇದರ ಸಂಗಡ ಗುದ್ದಾಡಿ ಸಾಕಾಯ್ತು.”

“ಈಗ ಕೀಸಿದ್ರೆ ಶಿವರಾತ್ರಿ ಹೊತ್ತಿಗೆ ಸಂದಿಯಲ್ಲಿ ಇಲಿ ಹೋಗಿ ಬರ್ತದೆ ಅಮ್ಮ. ಮರ ಉಬ್ಬಿದ್ದು, ಬೆಳೆದದ್ದಲ್ಲ.”

ಅವರು ಕೆಲಸ ಶುರು ಮಾಡಿದ್ದು ತೆರೆಯಲು ಬರುತ್ತಿದ್ದ ಒಂದೇ ಖಾನೆಯಿಂದ, ಎಲ್ಲಕ್ಕಿಂತ ಕೆಳಗಿನದರಿಂದ. ಅದನ್ನು ಪೂರ್ತಿ ಹೊರಗೆಳೆದು ಬದಿಗಿಟ್ಟು, ಆ ಖಾಲಿ ಜಾಗದೊಳಗೆ ತೋಳು ತೂರಿಸಿ ಅದರ ಮೇಲಿನ ಖಾನೆಯ ಹಿಂಭಾಗಕ್ಕೆ ಅಂಗೈ ಕೊಟ್ಟು ನೂಕಿದರು. ಹಿಡಿಕೆಗೆ ಕೈಯನ್ನೇ ಹಚ್ಚಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಂದೊಂದು ಸಲಕ್ಕೆ ಕೂದಲೆಳೆಯಷ್ಟು. ನಡುವೆ ಕೈ ತೆಗೆದು ಬದಿಯ ಹಲಗೆಯನ್ನು ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಖಾನೆ ಕಿರ್ರೆಂದಿತು, ನಿಂತಿತು, ಮತ್ತೆ ಕಿರ್ರೆಂದಿತು. ಕೊನೆಗೆ ಹೆರಿಗೆಯಾದ ಹಾಗೆ ಪೂರ್ತಿ ಹೊರಗೆ ಬಂತು. ಅದರ ಹಿಂದಿನ ಗೂಡಿನಲ್ಲಿ ಬಿದ್ದುಕೊಂಡಿದ್ದವನ್ನೂ ಅಮ್ಮ ಕೈಹಾಕಿ ತೆಗೆದರು: ಹಲ್ಲು ಮುರಿದ ಬಾಚಣಿಗೆ, ಕುಂಕುಮದ ಕಾಗದ, ಒಣಗಿದ ಗೋಟಡಿಕೆಯೊಂದು. ಮುಚ್ಚದ ಖಾನೆಗೆ ಎಷ್ಟೋ ಸಲ ಕಾರಣ ಮರವೇ ಅಲ್ಲ, ಹಿಂದೆ ಬಿದ್ದ ಇಂಥ ಒಂದು ಸಾಮಾನು.

ಇನ್ನು ನೀವು ಸ್ವಲ್ಪ ಹತ್ತಿರ ಬಗ್ಗಿ ನೋಡಬೇಕು. ಖಾನೆಯ ಬದಿ ಹಲಗೆಯ ಮೇಲಂಚನ್ನು ಆಚಾರಿ ಬೆಳಕಿಗೆ ಹಿಡಿದಿದ್ದಾರೆ. ಉಳಿದೆಡೆ ಮಂಕಾಗಿರುವ ಮರ ಗೇಣುದ್ದದ ಒಂದು ಜಾಗದಲ್ಲಿ ಮಾತ್ರ ಎಣ್ಣೆ ಹಚ್ಚಿದಂತೆ ಮಿಂಚುತ್ತಿದೆ. ತಿಕ್ಕುತ್ತಿದ್ದುದು ಅಲ್ಲಿ. ಮಿಂಚು ಸರಿಯಾಗಿ ಕಾಣದ ಕಡೆ ಸೀಮೆಸುಣ್ಣ ಬಳಿದು, ಖಾನೆಯನ್ನು ಒಮ್ಮೆ ಅರ್ಧಕ್ಕೆ ತಳ್ಳಿ ಎಳೆದರು. ಸುಣ್ಣ ಅಳಿಸಿಹೋದಲ್ಲಿಗೆ ಪೆನ್ಸಿಲ್ ಗೆರೆ. ಎಷ್ಟು ಅಗಲ ಅಳಿಸಿದೆಯೋ ಅಷ್ಟೇ ಅಗಲದ ಗೆರೆ, ಪಕ್ಕದಲ್ಲಿ ಒಂದು ಗುಣಾಕಾರ ಚಿಹ್ನೆ.

ಗುರುತುಗಳೆಲ್ಲ ಬಿದ್ದದ್ದು ಮೇಲಂಚು, ಕೆಳಂಚುಗಳಿಗೆ. ಎಡಬಲಕ್ಕೆ ಒಂದೂ ಇಲ್ಲ. ಇದು ಆಕಸ್ಮಿಕವಲ್ಲ. ಮರ ತನ್ನ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬೇಕು. ಹಿಗ್ಗುವುದೆಲ್ಲ ಅಡ್ಡಕ್ಕೆ, ನಾರಿಗೆ ಅಡ್ಡಲಾಗಿ. ಖಾನೆಯ ಹಲಗೆಗಳಲ್ಲಿ ನಾರು ಮಲಗಿರುತ್ತದೆ, ಹಾಗಾಗಿ ಅವು ಎತ್ತರಕ್ಕೆ ಬೆಳೆಯುತ್ತವೆ. ಖಾನೆ ಕೂರುವ ಕಪಾಟಿನ ಬದಿ ಹಲಗೆಗಳಲ್ಲಿ ಅದೇ ನಾರು ನಿಂತಿರುತ್ತದೆ, ಹಾಗಾಗಿ ಗೂಡಿನ ಎತ್ತರ ಇದ್ದಷ್ಟೇ ಇರುತ್ತದೆ. ಬೇಸಿಗೆಯಲ್ಲಿ ಗಾಳಿಯ ತೇವಾಂಶ ಶೇ 50ರ ಆಸುಪಾಸಿಗೆ ಇಳಿದಾಗ ಮರದೊಳಗೆ ಅದರ ಒಣತೂಕದ ಶೇ 9-10ರಷ್ಟು ನೀರು ಇರುತ್ತದೆ. ಗಾಳಿ ಶೇ 90 ಮುಟ್ಟುವ ಮಳೆಗಾಲದಲ್ಲಿ ಅದು ಶೇ 20ರ ಹತ್ತಿರ ಹೋಗುತ್ತದೆ. ಹಿಗ್ಗು-ಕುಗ್ಗು ಕಡಿಮೆಯೆಂದು ಹೆಸರಾದ ಸಾಗವಾನಿಯಲ್ಲೇ ಲೆಕ್ಕ ಹಾಕಿದರೂ, ಎಂಟು ಅಂಗುಲ ಎತ್ತರದ ಹಲಗೆ, ಮರ ಸೀಳಿದ ರೀತಿಯನ್ನು ನೋಡಿಕೊಂಡು, 2ರಿಂದ 4 ಮಿಲಿಮೀಟರ್ ಬೆಳೆಯುತ್ತದೆ. ಅಮ್ಮನ ಹಿಡಿಕೆ ಕಿತ್ತುಬಂದದ್ದು ಈ ಮಿಲಿಮೀಟರುಗಳ ದೆಸೆಯಿಂದ.

ಭಾರತೀಯ ಮಾನಕ ಸಂಸ್ಥೆಯವರು ಮರಗೆಲಸಕ್ಕೆಂದು ದೇಶವನ್ನು ಗಾಳಿಯ ತೇವದ ಮೇಲೆ 4 ವಲಯಗಳಾಗಿ ವಿಂಗಡಿಸಿದ್ದಾರೆ. ವರ್ಷದ ಸರಾಸರಿ ತೇವಾಂಶ ಶೇ 67ನ್ನು ಮೀರುವ ಊರುಗಳೆಲ್ಲ ನಾಲ್ಕನೆಯದಕ್ಕೆ. ಸರಾಸರಿಯ ಮಾತು ಈ ಮನೆಯಿರುವ ನಿಲ್ಕುಂದಕ್ಕೆ ಎಷ್ಟು ಹೊಂದುತ್ತದೋ ದೇವರೇ ಬಲ್ಲ. ಸಿದ್ದಾಪುರ ತಾಲೂಕಿನ ಈ ಘಟ್ಟದಂಚಿನ ಊರು, ಆಗುಂಬೆ, ಹುಲಿಕಲ್, ಕ್ಯಾಸಲ್‌ರಾಕ್‌ಗಳ ಜೊತೆಗೆ ರಾಜ್ಯದ ಅತಿ ಮಳೆಯ ತಾಣಗಳ ಸಾಲಿನಲ್ಲಿ ಬರುವಂಥದ್ದು. ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುವ ಉಂಚಳ್ಳಿ ಜಲಪಾತವೂ ಇದೇ ತಾಲೂಕಿನದು. ಇಷ್ಟು ಮಳೆಯಲ್ಲಿ ನೆನೆದ ಊರೇ ಏಪ್ರಿಲ್‌ನಲ್ಲಿ ಬಾವಿ ಬಗ್ಗಿ ನೋಡುತ್ತದೆ. ಮರಕ್ಕೆ ಬೇಸರ ಬರುವುದು ಈ ಎರಡು ತುದಿಗಳ ನಡುವೆ ಓಡಾಡಿಯೇ.

ಕಷಾಯ ಬಂತು. ಆಚಾರಿ ಲೋಟ ಪಕ್ಕಕ್ಕಿಟ್ಟು, ದಾರದ ತುಂಡನ್ನು ಹೀಗೇ ಹೊರಬಂದ ಎರಡನೇ ಖಾನೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಗಂಟು ಹಾಕಿದರು. ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿದರೆ ಗಂಟು ಒಂದು ಬೆರಳು ಹೊರಗೆ ಬಂತು. ಎರಡೂ ಅಳತೆ ಒಂದೇ ಇದ್ದರೆ ಖಾನೆ ಚೌಕ, ಇಲ್ಲದಿದ್ದರೆ ವಾರೆ. ಅಂದರೆ ಎರಡನೇ ಖಾನೆಯ ಕಷ್ಟ ಬರೀ ಮಳೆಯದಲ್ಲ, ಮೂಲೆಯ ಅಂಟೂ ಬಿಟ್ಟಿದೆ. ಸಡಿಲಾದ ಮೂಲೆಯನ್ನು ಕೊಡತಿಯಿಂದ ತಟ್ಟಿ ಬಿಡಿಸಿದರು. ಹಳೇ ಅಂಟಿನ ಹಕ್ಕಳೆಯನ್ನು ಉಳಿಯಲ್ಲಿ ಕೆರೆದು, ಒಲೆಯ ಹತ್ತಿರ ಹಿಡಿದು ಒಣಗಿಸಿ, ಫೆವಿಕಾಲ್ ಬಳಿದು ಕೂಡಿಸಿದರು. ಸುತ್ತ ನೂಲಿನ ಹಗ್ಗ ಬಿಗಿದು, ಹಗ್ಗಕ್ಕೊಂದು ಕೋಲು ಸಿಕ್ಕಿಸಿ ತಿರುಚುತ್ತ ಹೋದರು. ಕೋಲು ಒಂದೊಂದು ಸುತ್ತಿಗೂ ಮೂಲೆಯ ಸಂದಿಯಿಂದ ಬಿಳಿ ಅಂಟು ಮಣಿಮಣಿಯಾಗಿ ಹೊರಗೆ ಬರುತ್ತಿತ್ತು. ಮತ್ತೆ ದಾರ ಹಿಡಿದು ಎರಡೂ ಕರ್ಣ ಸರಿಹೋಗುವವರೆಗೆ ಅಂಗೈಯಲ್ಲಿ ಒತ್ತಿ, ಹಾಗೇ ಮರುದಿನದವರೆಗೆ ಬಿಟ್ಟರು. ಸಾವಿರಾರು ರೂಪಾಯಿಯ ಕ್ಲ್ಯಾಂಪುಗಳು ಮಾಡುವುದೂ ಇಷ್ಟನ್ನೇ.

ಮೂರನೆಯದರ ಕಥೆ ಬೇರೆ. ಅದರ ತಳದ ಪ್ಲೈವುಡ್ಡು ಸೀರೆಗಳ ಭಾರಕ್ಕೆ ಜೋತು, ಕೆಳಗಿನ ಅಡ್ಡಪಟ್ಟಿಗೆ ತಾಗುತ್ತಿತ್ತು. ಮೊಳೆ ಕಿತ್ತು, ಹಲಗೆಯನ್ನು ಮಗುಚಿ ಹಾಕಿ, ನಡುವೆ ಒಂದು ತೆಳು ರೀಪು ಕೊಟ್ಟದ್ದಷ್ಟೇ. ತಳ ಮಗುಚಿದ್ದರಿಂದ ಬಣ್ಣ ಮಾಸದ ಮುಖ ಮೇಲೆ ಬಂದು, ಅಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಖುಷಿಯಾದದ್ದು ಅದಕ್ಕೆ.

ಕೆಳಗಿನ ಖಾನೆ ಬಿಗಿಯದಿದ್ದರೂ ಅದಕ್ಕೆ ತನ್ನಷ್ಟಕ್ಕೆ ತೆರೆದುಕೊಳ್ಳುವ ಚಾಳಿ. ಆಚಾರಿ ಕಪಾಟಿನ ನೆತ್ತಿಯ ಮೇಲೆ ಅದೇ ಗೋಟಡಿಕೆಯನ್ನು ಇಟ್ಟರು. ಅದು ಉರುಳಿ ಮುಂದಕ್ಕೆ ಬಂತು. ಕೆಂಪು ಸಿಮೆಂಟಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿದೆ. ಮನೆ ಕಟ್ಟಿದವರು ನೀರು ಹರಿಯಲೆಂದು ಕೊಟ್ಟ ಇಳಿಜಾರು. ಮುಂದಿನ ಎರಡು ಕಾಲಿನ ಕೆಳಗೆ ಮತ್ತಿ ಮರದ ತೆಳು ಬೆಣೆ ಹೋಯಿತು, ಖಾನೆಯ ಚಾಳಿ ಬಿಟ್ಟಿತು. ಮುಚ್ಚದ, ನಿಲ್ಲದ ಖಾನೆಯನ್ನು ಹಿಡಿದು ಕೀಸುವ ಮೊದಲು ನೆಲ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನನ್ನ ಪ್ರಕಾರ ಅರ್ಧದಷ್ಟು ಹಳೇ ಕಪಾಟುಗಳು ಕೆಟ್ಟದ್ದು ಹೀಗೆ, ನೆಲದ ತಪ್ಪಿಗೆ ಕೀಸಿಸಿಕೊಂಡು.

ಇನ್ನು ಬಿಗಿದ ಖಾನೆಗಳಿಗೆ ಮದ್ದು. ಮೇಲಿನ ಎರಡು ಖಾನೆಗಳನ್ನು ಖಾಲಿ ಮಾಡಿ ಅಡುಗೆಮನೆಯ ಅಟ್ಟಕ್ಕೆ ಏರಿಸಿದರು. ಒಲೆಗೆ ತೀರಾ ಹತ್ತಿರವೂ ಅಲ್ಲ. ಒಂದೇ ಮಗ್ಗುಲಿಗೆ ಕಾವು ತಾಗಿದರೆ ಹಲಗೆ ಸೊಟ್ಟಗಾಗುತ್ತದೆ. ಹೊಗೆ, ಬಿಸಿಗಾಳಿ ಸುತ್ತಾಡುವಲ್ಲಿ, ನಾಲ್ಕೂ ಮೈಗೆ ಗಾಳಿ ಸಿಗುವಂತೆ ಕೋಲುಗಳ ಮೇಲೆ. ಕೆಲವು ದಿನಕ್ಕೆ ಅವು ಒಂದಿಷ್ಟು ಇಳಿಯುತ್ತವೆ. ಆಮೇಲೆ ಪೆನ್ಸಿಲ್ ಗುರುತಿನ ಮೇಲೆ ಮೇಣ ತಿಕ್ಕಬೇಕು. ಅಂಗಡಿಯ ಮೇಣದಬತ್ತಿ ಸಾಕು. ಈ ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇರುವುದರಿಂದ ಅಮ್ಮ ಜೇನುಮೇಣದ ಉಂಡೆಯನ್ನೇ ತಂದುಕೊಟ್ಟರು. ಆಚಾರಿ ಅದನ್ನು ಖಾನೆಯ ಅಂಚಿಗೂ, ಅದು ಜಾರುವ ಪಟ್ಟಿಗೂ ಒತ್ತಿ ಉಜ್ಜಿ, ಮೇಲೆ ಬಟ್ಟೆಯಲ್ಲಿ ತಿಕ್ಕಿದರು. ತೆಂಗಿನೆಣ್ಣೆ ಸುರಿಯಬೇಡಿ. ಎಣ್ಣೆಯನ್ನು ಮರ ಕುಡಿಯುತ್ತದೆ, ಅದರ ಮೇಲೆ ಧೂಳು ಕೂತು ಜಿಡ್ಡಾಗುತ್ತದೆ, ಮುಂದಿನ ವರ್ಷ ಇನ್ನೂ ಬಿಗಿ.

ಮರ ಪೂರ್ತಿ ಉಬ್ಬಿದಾಗಲೇ ಕೀಸಿದರೆ ಸರಿಯಾದ ಅಳತೆ ಸಿಗುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ನಾನೂ ಕೇಳಿದೆ. ಆಚಾರಿ ಚೀಲದಿಂದ ಕೀಸುಳಿ ತೆಗೆದು ಒಂದು ಹಸಿ ತುಂಡಿನ ಮೇಲೆ ಎಳೆದು ತೋರಿಸಿದರು. ಸಿಪ್ಪೆ ಸುರುಳಿಯಾಗಿ ಬರುವ ಬದಲು ಮುದ್ದೆಯಾಗಿ ಬಾಯಿಗೆ ಕಟ್ಟಿತು, ಮರದ ಮೇಲೆ ನಾರು ಎದ್ದು ನಿಂತಿತು. “ಒರಟು ಬಂತು ಅಂತ ಇನ್ನೊಂದು ಸಲ ಎಳೀತೇವೆ, ಹೋಗ್ತಾ ಹೋಗ್ತಾ ಮರವೇ ಮುಗೀತದೆ. ಗುರುತು ಈಗ ಹಾಕೋದು, ಕೀಸೋದು ಒಣಗಿದ ಮೇಲೆ.” ಗುರುತು ಇಲ್ಲದೆ ಬೇಸಿಗೆಯಲ್ಲಿ ಕರೆಸಿದರೆ ಅವರಿಗೂ ಏನೂ ತಿಳಿಯುವುದಿಲ್ಲ, ಆಗ ಖಾನೆ ಬೆಣ್ಣೆಯಲ್ಲಿ ಜಾರುತ್ತಿರುತ್ತದೆ.

ಶಿರಸಿ ಪೇಟೆಯಿಂದ ಬರುವ ಹೊಸ ಡ್ರೆಸ್ಸಿಂಗ್ ಟೇಬಲ್ಲುಗಳಿಗೆ ಈ ಯಾವ ಉಪಚಾರವೂ ನಡೆಯುವುದಿಲ್ಲ. ಪಾರ್ಟಿಕಲ್ ಬೋರ್ಡು ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಹಳೇ ಆಕಾರಕ್ಕೆ ಮರಳುವುದಿಲ್ಲ, ಕೀಸಿದರೆ ಹುಡಿಯಾಗಿ ಉದುರುತ್ತದೆ. ಅವುಗಳಲ್ಲಿ ಖಾನೆ ಓಡುವುದು ಕಬ್ಬಿಣದ ಚಾನೆಲ್ ಮೇಲೆ, ಎರಡೂ ಬದಿಗೆ ಅರ್ಧರ್ಧ ಅಂಗುಲ ಜಾಗ ಬಿಟ್ಟು. ಬಿಗಿದರೆ ಮೊದಲು ನೋಡಬೇಕಾದದ್ದು ಸ್ಕ್ರೂ ಸಡಿಲಾಗಿದೆಯೇ, ಗುಂಡುಗಳಿಗೆ ತುಕ್ಕು ಹಿಡಿದಿದೆಯೇ ಎಂದು. ತುಕ್ಕಿದ್ದರೆ ಬದಲಾಯಿಸುವುದೇ ಸೈ. ಹಲಸಿನ ಖಾನೆಯ ಮುಂದೆ ಅದು ಏನೂ ಅಲ್ಲವೆಂದು ನಾನು ಹೇಳಿದರೆ ಹಳೇಕಾಲದವನೆಂದು ನಗುತ್ತೀರಿ, ನಗಿ.

ನಿಮ್ಮ ಮನೆಯಲ್ಲೂ ಬಿಗಿದ ಖಾನೆಯಿದ್ದರೆ ಈ ಮಳೆಯಲ್ಲೇ ಗುರುತು ಹಾಕಿಡಿ, ಗೆರೆ ಅಳಿಸದಂತೆ ನೋಡಿಕೊಳ್ಳಿ. ಅಡಿಕೆ ಕೊಯ್ಲು ಮುಗಿದು ಶಿವರಾತ್ರಿಯ ಒಣಹವೆ ಬಂದಾಗ ಗೆರೆಯಷ್ಟೇ ಕೀಸಿಸಿ, ಎಂಟು ಅಂಗುಲದ ಖಾನೆಗೆ ಮೇಲೆ 4 ಮಿಲಿಮೀಟರ್ ಸಂದಿ ಇರಲಿ. ಒಳಮೈಗೆ, ಹಲಗೆಯ ಕೊಯ್ದ ತುದಿಗಳಿಗೆ ಒಂದು ಕೈ ಪಾಲಿಶ್ ಹೊಡೆಸುವುದನ್ನು ಮರೆಯಬೇಡಿ. ನಮ್ಮವರು ಹೊರಮೈಗೆ ಮಾತ್ರ ಹಚ್ಚಿ ಒಳಗೆ ಬರಿಮರ ಬಿಡುತ್ತಾರೆ, ತೇವ ನುಗ್ಗುವುದು ಅಲ್ಲಿಂದಲೇ. ಆಚಾರಿಗೆ ದೀಪಾವಳಿಯ ಒಳಗೇ ಹೇಳಿಡಿ. ಆಮೇಲೆ ಮದುವೆ, ಗೃಹಪ್ರವೇಶಗಳ ಕೆಲಸ ಹಿಡಿದರೆ ಅವರು ಕೈಗೆ ಸಿಗುವುದಿಲ್ಲ.