ಸ್ತ್ರೀಯರ ಅನುಭವವೇ ನಾಟಕವಾದಾಗ

ಪುನರುತ್ಥಾನದ ಮುಂಜಾನೆ ಸಮಾಧಿಯಿಂದ ಸುದ್ದಿ ತಂದ ಸ್ತ್ರೀಯರ ಮಾತನ್ನು ಪ್ರೇಷಿತರೇ ಮೊದಲು ನಂಬಲಿಲ್ಲ ಎಂದು ಸಂತ ಲೂಕರ ಶುಭಸಂದೇಶದ 24ನೇ ಅಧ್ಯಾಯ ತಿಳಿಸುತ್ತದೆ. ಹೆಣ್ಣಿನ ಮಾತನ್ನು ಕೇಳಿಸಿಕೊಳ್ಳದ ರೂಢಿ ಇನ್ನೂ ಹೋಗಿಲ್ಲ. ಅದನ್ನು ಮುರಿಯುವ ಒಂದು ದಾರಿ ಸಮುದಾಯ ರಂಗಭೂಮಿ.

ನಮ್ಮ ಕರಾವಳಿಯ ಕಟ್ಟಡ ಕೆಲಸಗಳಿಗೆ ಬರುವವರಲ್ಲಿ ಕೊಪ್ಪಳದ ಕಡೆಯ ಕುಟುಂಬಗಳೂ ಇವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಆ ಜಿಲ್ಲೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿದ್ದವು. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಗುಳೆ, ಬಾಲ್ಯವಿವಾಹ, 1982ರ ಕಾಯಿದೆ ನಿಷೇಧಿಸಿದ ದೇವದಾಸಿ ಪದ್ಧತಿ – ಇವೆಲ್ಲದರ ಭಾರ ಹೆಚ್ಚಾಗಿ ಬಿದ್ದದ್ದು ಹೆಣ್ಣಿನ ಮೇಲೆ.

ಈ ಸೀಮೆಗೆ ಬಯಲಾಟ ಹೊಸದಲ್ಲ. ಆದರೆ ದೊಡ್ಡಾಟದಲ್ಲಿ ಬಹುಕಾಲ ಸ್ತ್ರೀಪಾತ್ರವನ್ನೂ ಗಂಡಸರೇ ಕಟ್ಟಿದರು. ಹೆಂಗಸರಿಗೆ ಬೀಸುವ ಪದ, ಸೋಬಾನೆ ಪದಗಳಿದ್ದವು, ರಂಗವಿರಲಿಲ್ಲ. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಮುಂದೆ ಕೊಪ್ಪಳದ ಹಳ್ಳಿಗಳಲ್ಲೂ ಮಹಿಳಾ ಸಂಘಗಳನ್ನು ಕಟ್ಟಿತು. ಒಟ್ಟಿಗೆ ಕುಳಿತು ಬಾಳಿನ ಕಷ್ಟ ಹೇಳಿಕೊಳ್ಳುವುದು, ಅದನ್ನು ಹಾಡಾಗಿಸುವುದು ಇಂಥ ಸಂಘಗಳ ಅಭ್ಯಾಸವಾಯಿತು. ಸಮುದಾಯ ನಾಟಕದ ಬೇರು ಇಂಥ ಕೂಟದಲ್ಲಿದೆ.

ನಾಟಕ ಕಟ್ಟುವ ಕ್ರಮ ಸರಳ. ಮೊದಲು ಹೆಂಗಸರಷ್ಟೇ ವೃತ್ತವಾಗಿ ಕುಳಿತು ಮಾತನಾಡುತ್ತಾರೆ. ಹಲವರ ಅನುಭವ ಬೆರೆಸಿ ಒಂದು ಪಾತ್ರ ಮಾಡುತ್ತಾರೆ. ಹೀಗೆ ಮಾಡಿದರೆ ಇದು ಇಂಥವಳದೇ ಕಥೆ ಎಂದು ಊರವರು ಬೆರಳು ತೋರಿಸಲಾಗದು. ಮಾತು ಅವರ ಆಡುನುಡಿಯಲ್ಲೇ ಇರಬೇಕು. “ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲೈತಿ?” ಎಂದು ತಾಯಿಯೊಬ್ಬಳು ಕೇಳಿದರೆ ಅದನ್ನು ಗ್ರಂಥಭಾಷೆಗೆ ತಿದ್ದಬಾರದು.

ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ (1931–2009) ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು. ಮಗಳ ಬಾಲ್ಯವಿವಾಹ ನಿಶ್ಚಯವಾಗುತ್ತಿದೆ, ತಾಯಿ ಮೌನವಾಗಿದ್ದಾಳೆ ಎನ್ನೋಣ. ಆಟ ಒಮ್ಮೆ ಮುಗಿದ ಮೇಲೆ ಅದೇ ದೃಶ್ಯವನ್ನು ಮತ್ತೆ ಆಡುತ್ತಾರೆ. ಈ ಸಲ ನೋಡುತ್ತಿದ್ದವರಲ್ಲೊಬ್ಬಳು ಎದ್ದುಬಂದು ತಾಯಿಯ ಜಾಗದಲ್ಲಿ ನಿಂತು ಬೇರೆ ಉತ್ತರ ಕೊಟ್ಟು ನೋಡುತ್ತಾಳೆ. ರಂಗದಲ್ಲಿ ಒಮ್ಮೆ ಆಡಿದ ಮಾತು ಮನೆಯಲ್ಲಿ ಆಡುವುದಕ್ಕೂ ಧೈರ್ಯ ಕೊಡಬಲ್ಲದು. ಮಕ್ಕಳ ಸಹಾಯವಾಣಿ 1098ರಂಥ ಮಾಹಿತಿಯನ್ನು ಹೇಳಲು ಅದೇ ಸರಿಯಾದ ಹೊತ್ತು.

ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಾವು ಎಚ್ಚರ ವಹಿಸಬೇಕಾದ ವಿಷಯವೊಂದಿದೆ. ನಂಬಿಕೆಯಿಂದ ಹೇಳಿಕೊಂಡ ದುಃಖವನ್ನು ವಾರ್ಷಿಕೋತ್ಸವದ ಚಪ್ಪಾಳೆಗಾಗಿ ಬಳಸಬಾರದು. ಕಥೆ ಆಕೆಯದು; ಯಾವಾಗ ಬೇಕಾದರೂ ಬೇಡ ಎನ್ನುವ ಹಕ್ಕೂ ಆಕೆಯದೇ. ನಾಟಕ ಮುಗಿಸಿ ಆಕೆ ಮರಳುವುದು ಅದೇ ಮನೆಗೆ, ಅದೇ ಓಣಿಗೆ. ಅಲ್ಲಿ ಆಕೆಯ ಜೊತೆ ನಿಲ್ಲಲು ಸಿದ್ಧರಿಲ್ಲದಿದ್ದರೆ ನಾಟಕಕ್ಕೆ ಕೈಹಾಕದಿರುವುದೇ ಲೇಸು.

ನಮ್ಮ ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ, ಹತ್ತಿರದ ಕಾರ್ಮಿಕರ ಬಿಡಾರಗಳಲ್ಲಿ ಮೊದಲು ಕೇಳಿಸಿಕೊಳ್ಳೋಣ. ಆಮೇಲೆ, ಬೇಕೆಂದು ಅವರೇ ಹೇಳಿದರೆ, ನಾಟಕ.