ಎರಡು ಸಾವಿರಕ್ಕೆ ಹಳೇ ವಾಚು: ಹಿಂದಿನ ಮುಚ್ಚಳ ಬಿಚ್ಚಿಸದೆ ದುಡ್ಡು ಕೊಡಬೇಡಿ

“ಉಸ್ತಾದರೇ, ಮಗ ಎಸೆಸೆಲ್ಸಿ ಪಾಸಾದ. ಒಂದು ವಾಚು ತೆಗೆದುಕೊಡ್ಬೇಕು ಅಂತಿದ್ದೇನೆ. ಕೈಯಲ್ಲಿರುವುದು ಎರಡು ಸಾವಿರ. ಹೊಸದು ತಗೊಳ್ಳಲಾ, ಹಳೇದಾ?”

ಜುಮಾ ಮುಗಿಸಿ ಹೊರಗೆ ಬರುವಾಗ ಇಂಥ ಪ್ರಶ್ನೆ ಕೇಳುವವರು ಈಗೀಗ ಜಾಸ್ತಿ. ಮೊಬೈಲ್ ಬಂದ ಮೇಲೆ ವಾಚಿನ ಕಾಲ ಮುಗಿಯಿತು ಅಂತ ನಾವೆಲ್ಲ ತಿಳಿದಿದ್ದೆವು. ಆದರೆ ಗಂಟೆ ಎಷ್ಟಾಯ್ತು ಅಂತ ನೋಡಲು ಮೊಬೈಲ್ ತೆಗೆದ ಹುಡುಗ ಅರ್ಧ ಗಂಟೆ ಅದರೊಳಗೇ ಇರುತ್ತಾನೆ, ಅಷ್ಟೊತ್ತಿಗೆ ಇಕಾಮತ್ ಆಗಿರುತ್ತದೆ. ಇದನ್ನು ನೋಡಿ ಬೇಸತ್ತ ಉಮ್ಮ ಉಪ್ಪಂದಿರು ಮತ್ತೆ ವಾಚಿನ ಕಡೆ ತಿರುಗಿದ್ದಾರೆ.

ಎರಡು ಸಾವಿರದೊಳಗೆ ಸಾದಾ ಸೆಲ್ ವಾಚು ಹೊಸದೇ ಸಿಗುತ್ತದೆ. ತೆಗೆದುಕೊಂಡರೆ ತಪ್ಪೇನೂ ಇಲ್ಲ. ಆದರೆ ಅದೇ ದುಡ್ಡಿಗೆ ಹಳೇದರಲ್ಲಿ ಗಟ್ಟಿ ಸ್ಟೀಲಿನ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದಾದ, ಮಗನಿಂದ ಮೊಮ್ಮಗನಿಗೂ ಹೋಗಬಹುದಾದ ವಾಚು ಸಿಗುತ್ತದೆ. ಸಿಗುವುದು ನೋಡಿ ತೆಗೆದುಕೊಂಡವರಿಗೆ ಮಾತ್ರ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳ ಕಪಾಟಿನಲ್ಲಿ ಮುಖ್ಯವಾಗಿ ಎರಡು ಜಾತಿಯ ಹಳೇ ವಾಚುಗಳಿವೆ. ಒಂದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಆಯಿತು. ಅಡಿಕೆ ವ್ಯಾಪಾರ, ಮೀನು ವ್ಯಾಪಾರ ಅಂತ ಘಟ್ಟ ಹತ್ತಿ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಮೊದಲ ವಾಚು ಎಚ್‌ಎಂಟಿ ಜನತಾ. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಮುಚ್ಚಿದ ಮೇಲೆಯೇ ಅದಕ್ಕೆ ಬೇಡಿಕೆ ಹೆಚ್ಚಾದದ್ದು, ಬೇಡಿಕೆ ಹೆಚ್ಚಾದ ಮೇಲೆ ನಕಲಿಯೂ ಹೆಚ್ಚಾಯಿತು. ಇನ್ನೊಂದು ಜಾತಿ ಗಲ್ಫಿನಿಂದ ಕಾಕಂದಿರು ತಂದ ಸೀಕೋ ಫೈವ್, ಸಿಟಿಜನ್ ಆಟೊಮ್ಯಾಟಿಕ್. ಟೈಟಾನ್ ಕೂಡ ಇದೆ, ಅದು ಹೆಚ್ಚಾಗಿ ಸೆಲ್ ವಾಚು. ಅದರ ಬಗ್ಗೆ ಹೇಳುವುದು ಕಡಿಮೆ, ಕೊನೆಗೆ ಹೇಳ್ತೇನೆ.

ಹೆಸರು ನೋಡಿ ವಾಚು ತೆಗೆದುಕೊಳ್ಳುವುದು ಬೇರೆ ಊರಿನಲ್ಲಿ ನಡೆಯಬಹುದು, ಮಲೆನಾಡಿನಲ್ಲಿ ನಡೆಯುವುದಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ ಕಡೆಯೂ ಅದೇ ಕತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಷ್ಟು ಬರುವ ಊರಿನಲ್ಲಿ ವಾಚಿನ ಒಳಗೆ ಏನಾಗಿರಬಹುದು, ಯೋಚನೆ ಮಾಡಿ. ಕಪಾಟಿನೊಳಗೆ ಇಪ್ಪತ್ತು ಮಳೆಗಾಲ ಕಳೆದ ವಾಚು ಹೊರಗಿನಿಂದ ಫಳಫಳ ಅಂತಿರಬಹುದು. ಸ್ಟೀಲು ಉಜ್ಜಿದರೆ ಯಾವತ್ತೂ ಹೊಳೆಯುತ್ತದೆ.

ನೀರು ಇಳಿಯುವುದು ಹೆಚ್ಚಾಗಿ ಕೀ ಇರುವ ಜಾಗದಿಂದ. ಅಲ್ಲಿ ಮತ್ತು ಹಿಂದಿನ ಮುಚ್ಚಳದ ಸುತ್ತ ಸಣ್ಣ ರಬ್ಬರ್ ರಿಂಗು ಇರುತ್ತದೆ. ವರ್ಷ ಕಳೆದ ಹಾಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಮ್ಮವರ ವಾಚಿಗೆ ಇನ್ನೊಂದು ಕಷ್ಟ: ದಿನಕ್ಕೆ ಐದು ಸಲ ವುಝು. ಹಿಂದೆ ‘30 ಮೀಟರ್’ ಅಂತ ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದು ಅಂತ ಅರ್ಥವಲ್ಲ, ಮೇಲೆ ಬೀಳುವ ಹನಿ ತಡೆಯುತ್ತದೆ ಅಷ್ಟೆ, ಅದೂ ರಿಂಗು ಹೊಸದಿರುವಾಗ. ಆದ್ದರಿಂದ ವುಝುವಿಗೆ ಮೊದಲು ಬಿಚ್ಚಿಡಿ. ಹೇಗಿದ್ದರೂ ಬೆಲ್ಟಿನ ಅಡಿಯ ಚರ್ಮಕ್ಕೆ ನೀರು ತಲುಪಲೇಬೇಕಲ್ಲ.

ಒಳಗೆ ತೇವ ಇದೆಯಾ ಅಂತ ತಿಳಿಯಲು ಒಂದು ಉಪಾಯ ಇದೆ. ವಾಚನ್ನು ಐದು ನಿಮಿಷ ಬಿಸಿಲಿನಲ್ಲಿಡಿ, ಬಿಸಿಲಿಲ್ಲದಿದ್ದರೆ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಗ್ಲಾಸಿನ ಮೇಲೆ ತಣ್ಣೀರಿನ ಒಂದು ಹನಿ ಹಾಕಿ. ಒಂದು ನಿಮಿಷ ಬಿಟ್ಟು ಒರೆಸಿ ನೋಡಿ. ಹನಿ ಇದ್ದ ಜಾಗದಲ್ಲಿ ಗ್ಲಾಸಿನ ಒಳಭಾಗಕ್ಕೆ ಮಬ್ಬು ಕಟ್ಟಿದ್ದರೆ ಒಳಗೆ ನೀರಿದೆ. ‘ಅಕ್ಕಿ ಡಬ್ಬದಲ್ಲಿ ಎರಡು ದಿನ ಇಡಿ, ಸರಿಯಾಗ್ತದೆ’ ಅಂತ ಮಾರುವವನು ಹೇಳುತ್ತಾನೆ. ಅಕ್ಕಿ ತೇವ ಎಳೆಯಬಹುದು, ತುಕ್ಕು ಎಳೆಯುವುದಿಲ್ಲ.

ಡಯಲ್ ಮೇಲೆ ಕಪ್ಪು ಚುಕ್ಕೆ, ಮುಳ್ಳಿನ ಬುಡದಲ್ಲಿ ಹಸಿರು, ಎಳೆದರೆ ಅಲುಗಾಡುವ ಕೀ, ಇವಿಷ್ಟು ಕಣ್ಣಿಗೇ ಕಾಣುತ್ತವೆ. ಉಳಿದದ್ದು ಕಾಣಬೇಕಾದರೆ ಹಿಂದಿನ ಮುಚ್ಚಳ ಬಿಚ್ಚಲೇಬೇಕು. ಬಸ್ ನಿಲ್ದಾಣ, ಪೇಟೆ ಬೀದಿಯ ಮೂಲೆಯಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂರುವ ರಿಪೇರಿಯವರು ನಮ್ಮ ತಾಲೂಕುಗಳಲ್ಲಿ ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ವಾಚು ಮತ್ತು ಮಾರುವವನು ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ಬಿಚ್ಚಲು ಒಪ್ಪದ ಮಾರಾಟಗಾರನ ಜತೆ ಮಾತು ಮುಂದುವರಿಸಬೇಡಿ. ಒಳಗೆ ಮೆಷಿನ್ ಬೆಳ್ಳಗೆ ಹೊಳೆಯುತ್ತಿರಬೇಕು. ಕಂದು ಪುಡಿ, ಉಜ್ಜಿಹೋದ ಸ್ಕ್ರೂ ತಲೆ, ಬೇರೆ ಕಂಪನಿಯ ಮೆಷಿನ್ ಕಂಡರೆ ಸಲಾಂ ಹೇಳಿ ಎದ್ದುಬಿಡಿ.

ಮದೀನಾದ ಪೇಟೆಯಲ್ಲಿ ನಡೆದ ಘಟನೆ ಮದ್ರಸದಲ್ಲಿ ಓದಿದ ಎಲ್ಲರಿಗೂ ಗೊತ್ತು. ಪ್ರವಾದಿಯವರು (ಸ.ಅ.) ಧಾನ್ಯದ ರಾಶಿಯೊಳಗೆ ಕೈ ಹಾಕಿದರು, ಬೆರಳಿಗೆ ತೇವ ತಾಗಿತು. ಕೇಳಿದಾಗ ಮಾರುವವನು ಮಳೆ ಬಿದ್ದು ಹೀಗಾಯ್ತು ಅಂದ. ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಹಾಕಲಿಲ್ಲ ಅಂತ ಪ್ರವಾದಿಯವರು ಕೇಳಿದರು, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮಿನಲ್ಲಿ ಇದು ಇದೆ. ಮಳೆ ಬಿದ್ದದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ ಎಂಬುದನ್ನು ಗಮನಿಸಿ. ನೀರು ಇಳಿದ ವಾಚನ್ನೂ ಮಾರಬಹುದು, ‘ಕಾಕ, ಇದಕ್ಕೆ ನೀರು ಇಳಿದಿದೆ, ಅದಕ್ಕೇ ಇಷ್ಟು ಕಮ್ಮಿ’ ಅಂತ ಹೇಳಿ ಮಾರಬೇಕು.

ಕೊಳ್ಳುವವನಿಗೂ ನಮ್ಮ ಫಿಕ್‌ಹ್ ಹಕ್ಕು ಕೊಟ್ಟಿದೆ, ಆದರೆ ಬಳಸಿಕೊಳ್ಳುವವರು ಕಮ್ಮಿ. ಇಬ್ಬರೂ ಕೂತ ಜಾಗ ಬಿಟ್ಟು ಬೇರೆಯಾಗುವ ತನಕ ಇಬ್ಬರಿಗೂ ವ್ಯಾಪಾರ ಬೇಡ ಅನ್ನುವ ಅವಕಾಶ ಇದೆ. ಮೂರು ದಿನದೊಳಗೆ ಹಿಂದಿರುಗಿಸಬಹುದು ಅಂತ ಮೊದಲೇ ಶರತ್ತು ಹಾಕಿಕೊಳ್ಳಲು ಶಾಫಿಈ ಮದ್‌ಹಬ್‌ನಲ್ಲಿ ಅನುಮತಿ ಇದೆ, ಮೂರಕ್ಕಿಂತ ಹೆಚ್ಚು ದಿನ ಇಲ್ಲ. ಹಳೇ ವಾಚಿಗೆ ಈ ಮೂರು ದಿನ ಅಳತೆ ಮಾಡಿ ಕೊಟ್ಟ ಹಾಗಿದೆ. ಮೊದಲ ದಿನ ಪೂರ್ತಿ ಕೀ ಕೊಟ್ಟು ಮೊಬೈಲಿನ ಸಮಯಕ್ಕೆ ಹೊಂದಿಸಿ, ಮೇಲ್ಮುಖವಾಗಿ ಇಡಿ. ಮರುದಿನ ಕೈಗೆ ಕಟ್ಟಿ. ಮೂರನೇ ದಿನ ರಾತ್ರಿ ಕೀ ಕೆಳಗೆ ಬರುವ ಹಾಗೆ ನಿಲ್ಲಿಸಿಡಿ. ಕೀ ವಾಚು ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಮ್ಮಿ ಓಡಿದರೆ ಚಿಂತೆ ಬೇಡ. ಎರಡು ಮೂರು ನಿಮಿಷ ವ್ಯತ್ಯಾಸ ಬಂದರೆ ಆಯಿಲ್ ಒಣಗಿದೆ ಅಂತ ಲೆಕ್ಕ, ಸರ್ವಿಸ್ ಖರ್ಚು ಬೆಲೆಯಿಂದ ಕಳೆಯಿರಿ. ಒಮ್ಮೆ ಕೀ ಕೊಟ್ಟರೆ ಒಂದೂವರೆ ದಿನ ಓಡಬೇಕು, ಇಶಾಗೆ ಕೀ ಕೊಟ್ಟದ್ದು ಮರುದಿನ ಅಸರ್‌ಗೇ ನಿಂತರೆ ಸ್ಪ್ರಿಂಗು ಸೋತಿದೆ. ನೋಂಬಿನ ತಿಂಗಳಲ್ಲಿ ಮಾತ್ರ ಎಂಥ ಒಳ್ಳೆ ಕೀ ವಾಚಾದರೂ ದಿನಾ ಸಮಯ ಹೊಂದಿಸಿಕೊಳ್ಳಿ, ಸುಬ್‌ಹಿ ಮತ್ತು ಮಗ್‌ರಿಬ್‌ಗೆ ಅರ್ಧ ನಿಮಿಷವೂ ಲೆಕ್ಕವೇ.

ಶರತ್ತು ಹಾಕದಿದ್ದರೂ, ಕೊಳ್ಳುವ ಮೊದಲೇ ಇದ್ದ ಮುಚ್ಚಿಟ್ಟ ದೋಷ ಆಮೇಲೆ ಗೊತ್ತಾದರೆ ವಾಪಸು ಕೊಡುವ ಹಕ್ಕಿದೆ. ತಡ ಮಾಡಬಾರದು, ಗೊತ್ತಾದ ಮೇಲೂ ಕಟ್ಟಿಕೊಂಡು ತಿರುಗಬಾರದು.

ಈಗ ವಾಟ್ಸ್ಆ್ಯಪ್‌ನಲ್ಲಿ, ಆನ್‌ಲೈನ್‌ನಲ್ಲಿ ಬರುವ ಫೋಟೊಗಳ ವಿಷಯ. ಕೆಂಪು, ಹಸಿರು, ಕೇಸರಿ ಡಯಲಿನ, ಹೊಚ್ಚ ಹೊಸದರಂತೆ ಕಾಣುವ ‘ಹಳೇ ಎಚ್‌ಎಂಟಿ’ಗಳು ರಾಶಿ ರಾಶಿ ಇವೆ. ಇವುಗಳಲ್ಲಿ ಹೆಚ್ಚಿನವು ಹಳೇ ಡಯಲಿಗೆ ಹೊಸ ಬಣ್ಣ ಹೊಡೆದವು, ನಾಲ್ಕು ವಾಚಿನ ಬಿಡಿಭಾಗ ಸೇರಿಸಿ ಒಂದು ಮಾಡಿದವು. ಅಕ್ಷರ ದಪ್ಪಗೆ, ವಕ್ರವಾಗಿ, ಅಂಚು ಹರಡಿದ ಹಾಗಿದ್ದರೆ ಬಣ್ಣ ಹೊಡೆದದ್ದು. ಸೀಕೋದಲ್ಲಿ ಗುರುತಿಸುವುದು ಸುಲಭ. ಹಿಂದಿನ ಮುಚ್ಚಳದಲ್ಲಿ 7009 ಅಥವಾ 7ಎಸ್26 ಅಂತ ಮೆಷಿನ್ನಿನ ನಾಲ್ಕಕ್ಷರದ ಸಂಖ್ಯೆ ಇರುತ್ತದೆ. ಡಯಲಿನ ಕೆಳ ಅಂಚಿನಲ್ಲಿ ಇರುವೆಯಷ್ಟು ಸಣ್ಣದಾಗಿ ಬರೆದ ಸಂಖ್ಯೆಯೂ ಅದೇ ನಾಲ್ಕಕ್ಷರದಿಂದ ಶುರುವಾಗಬೇಕು. ಬೇರೆಯಾಗಿದ್ದರೆ ಡಯಲ್ ಇನ್ನೊಂದು ವಾಚಿನದ್ದು. ಹಿಂದಿರುವ ಆರಂಕಿಯ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಗಲ್ಫ್ ಮಾರುಕಟ್ಟೆಗೆ ಬಂದ ಎಷ್ಟೋ ಸೀಕೋಗಳಲ್ಲಿ ವಾರದ ಹೆಸರು ಅರಬಿಯಲ್ಲೂ ಬರುತ್ತದೆ. ಅರಬಿ ಓದಲು ಬರುವ ನಮ್ಮ ಮಕ್ಕಳಿಗೆ ಅದೊಂದು ಖುಷಿ. ಈ ಎರಡು ಮೆಷಿನ್‌ಗಳಿಗೆ ಕೈಯಲ್ಲಿ ಕೀ ಕೊಡಲು ಆಗುವುದಿಲ್ಲ, ಅಲ್ಲಾಡಿಸಿದರೇ ಓಡುವುದು. ಗೊತ್ತಿಲ್ಲದೆ ಕೀ ತಿರುಗಿಸಿ ‘ಹಾಳಾಗಿದೆ’ ಅಂತ ಕಪಾಟಿಗೆ ಹಾಕಿದ ವಾಚುಗಳು ನಮ್ಮ ಮನೆಗಳಲ್ಲಿ ಎಷ್ಟಿವೆಯೋ!

ಫೋಟೊ ನೋಡಿ ಹಣ ಹಾಕುವವರಿಗೆ ಒಂದು ಮಾತು. ಇಬ್ಬರಲ್ಲಿ ಒಬ್ಬರು ಕಣ್ಣಾರೆ ಕಾಣದ ನಿರ್ದಿಷ್ಟ ವಸ್ತುವಿನ ಮಾರಾಟ ಸಿಂಧುವಲ್ಲ ಎಂಬುದೇ ನಮ್ಮ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಹಳೇ ವಾಚಿನ ಮಟ್ಟಿಗೆ ಅದರ ಹಿಂದಿನ ಬುದ್ಧಿವಂತಿಕೆ ಯಾರಿಗೂ ವಿವರಿಸಬೇಕಾಗಿಲ್ಲ. ವಾಚು ಕೈಗೆ ಬರಲಿ, ನೋಡಿ, ಆಮೇಲೆ ವ್ಯಾಪಾರ ಒಪ್ಪಿಕೊಳ್ಳಿ.

ನನ್ನ ಪ್ರಕಾರ ಒಳ್ಳೆಯ ಹಳೇ ವಾಚು ಸಿಗುವುದು ಊರಿನವರ ಕಪಾಟಿನಲ್ಲಿ. ಭಟ್ಕಳಕ್ಕೋ ಶಿವಮೊಗ್ಗಕ್ಕೋ ಹೋಗುವ ಮೊದಲು ಅಕ್ಕಪಕ್ಕ ವಿಚಾರಿಸಿ. ಆದರೆ ಅಲ್ಲಿಯೇ ಒಂದು ದೊಡ್ಡ ವಿಷಯ ಇದೆ, ನಾನು ಇದನ್ನು ಬರೆಯಲು ಮುಖ್ಯ ಕಾರಣವೂ ಅದೇ.

ಕಪಾಟಿನಲ್ಲಿರುವ ವಾಚಿನ ಯಜಮಾನರು ಅನೇಕ ಕಡೆ ತೀರಿಕೊಂಡಿರುತ್ತಾರೆ. ದೊಡ್ಡ ಮಗ ‘ಉಪ್ಪನ ವಾಚು, ಯಾರೂ ಕಟ್ಟುವುದಿಲ್ಲ’ ಅಂತ ಐನೂರಕ್ಕೋ ಸಾವಿರಕ್ಕೋ ಕೊಟ್ಟುಬಿಡುತ್ತಾನೆ. ಆ ವಾಚು ದೊಡ್ಡ ಮಗನದ್ದಲ್ಲ. ಮನೆ, ತೋಟದ ಹಾಗೆಯೇ ಅದು ಮೀರಾಸಿನ ಸೊತ್ತು. ದಫನಿನ ಖರ್ಚು, ಸಾಲ, ವಸಿಯ್ಯತ್ತು ಕಳೆದ ಮೇಲೆ ಹೆಂಡತಿಗೆ, ಗಂಡುಮಕ್ಕಳಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ, ಬದುಕಿದ್ದರೆ ಉಮ್ಮ ಉಪ್ಪನಿಗೆ ಎಲ್ಲರಿಗೂ ಅದರಲ್ಲಿ ಪಾಲಿದೆ. ಪ್ರಾಯಕ್ಕೆ ಬಂದ ವಾರಸುದಾರರೆಲ್ಲ ಸಂತೋಷದಿಂದ ಒಪ್ಪಿದರೆ ಒಬ್ಬನೇ ಇಟ್ಟುಕೊಳ್ಳಬಹುದು, ಮಾರಲೂಬಹುದು. ಪ್ರಾಯಕ್ಕೆ ಬಾರದ ಯತೀಮ್ ಮಗು ಇದ್ದರೆ ಅದರ ಪಾಲನ್ನು ಬಿಟ್ಟುಕೊಡುವ ಅಧಿಕಾರ ಅಣ್ಣನಿಗೂ ಇಲ್ಲ, ಉಮ್ಮನಿಗೂ ಇಲ್ಲ. ಜಾಗದ ವಿಷಯದಲ್ಲಿ ಕೋರ್ಟಿಗೆ ಹೋಗುವ ನಾವು ವಾಚು, ಪೆನ್ನು, ಬಂದೂಕು, ಬೈಕಿನ ವಿಷಯದಲ್ಲಿ ಹಲಾಲು ಹರಾಮು ನೋಡುವುದೇ ಇಲ್ಲ. ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆ: ‘ಇದು ಯಾರದ್ದು? ಉಳಿದವರಿಗೆ ಗೊತ್ತಾ?’ ಆ ವಾಚು ಕಟ್ಟಿಕೊಂಡೇ ನಾಳೆ ನಮಾಝಿಗೆ ನಿಲ್ಲುವವರು ನೀವು.

ಇನ್ನೊಂದು, ಬೆಲೆ. ಗಂಡ ತೀರಿಕೊಂಡ ಹೆಂಗಸಿಗೆ ಸೀಕೋ ಅಂದರೆ ಏನು, ಇವತ್ತು ಎಷ್ಟಿದೆ ಅಂತ ಗೊತ್ತಿರುವುದಿಲ್ಲ. ಕೊಳ್ಳಲು ಹೋದವನಿಗೆ ಗೊತ್ತಿರುತ್ತದೆ. ಇನ್ನೂರು ರೂಪಾಯಿಗೆ ಹೊಡೆದುಕೊಂಡು ಬಂದೆ ಅಂತ ಹೆಮ್ಮೆ ಪಡುವವರನ್ನು ನೋಡಿದ್ದೇನೆ. ಫಿಕ್‌ಹ್‌ನ ಲೆಕ್ಕದಲ್ಲಿ ಆ ವ್ಯಾಪಾರ ಸಿಂಧು ಆಗಬಹುದು. ನನಗೆ ಮಾತ್ರ ಅದು ರುಚಿಸುವುದಿಲ್ಲ. ರಿಪೇರಿಯವರ ಹತ್ತಿರ ಬೆಲೆ ಕೇಳಿ, ಅವರು ಹೇಳಿದ್ದನ್ನು ಆಕೆಗೂ ಹೇಳಿ, ಆಮೇಲೆ ಚರ್ಚೆ ಮಾಡಿ.

ಗಂಡಸರಿಗೆ ಚಿನ್ನದ ವಾಚು ಬೇಡ ಅಂತ ಎಲ್ಲರಿಗೂ ಗೊತ್ತು, ಗೊಂದಲ ಇರುವುದು ಚಿನ್ನದ ಬಣ್ಣದಲ್ಲಿ. ಬರೀ ಬಣ್ಣ ಆದರೆ ಅಡ್ಡಿಯಿಲ್ಲ. ಬೆಂಕಿಗೆ ಹಿಡಿದರೆ ಚಿನ್ನ ಬೇರ್ಪಟ್ಟು ಬರುವಷ್ಟು ಲೇಪನ ಇದ್ದರೆ ಕಟ್ಟಬಾರದು. ಹಿಂಬದಿಯಲ್ಲಿ ‘20 ಮೈಕ್ರಾನ್’ ಅಂತ ಬರೆದ ಹಳೇ ವಾಚುಗಳಲ್ಲಿ ನಿಜವಾದ ಚಿನ್ನದ ಲೇಪನ ಇರುತ್ತದೆ. ಸ್ಟೀಲಿನದ್ದು ತೆಗೆದುಕೊಂಡರೆ ಈ ತಲೆನೋವೇ ಇಲ್ಲ, ಮಲೆನಾಡಿನ ತೇವಕ್ಕೂ ಬಾಳುತ್ತದೆ.

ಇನ್ನು ಸೆಲ್ ವಾಚು. ಮುಚ್ಚಳ ಬಿಚ್ಚಿ ಸೆಲ್ಲಿನ ಸುತ್ತ ಬಿಳಿ, ಹಸಿರು ಪುಡಿ ಇದೆಯಾ ನೋಡಿ. ಇದ್ದರೆ ಸೆಲ್ ಸೋರಿದೆ, ಬೇಡ. ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರಿ ಹಾರಿ ಹೋಗುತ್ತಿದ್ದರೆ ಹೆದರಬೇಡಿ, ಹೆಚ್ಚಿನ ಮಟ್ಟಿಗೆ ಸೆಲ್ ಮುಗಿಯುತ್ತಾ ಬಂದಿರುವ ಸೂಚನೆ. ಪರೀಕ್ಷೆಗೆ ಅಂತಲೇ ಕೊಡಿಸುವವರು ಗಮನಿಸಿ, ನೀಟ್ ಪರೀಕ್ಷೆಗೆ ಯಾವ ವಾಚನ್ನೂ ಒಳಗೆ ಬಿಡುವುದಿಲ್ಲ.

ಎರಡು ಸಾವಿರವನ್ನೂ ವಾಚಿಗೇ ಕೊಡಬೇಡಿ. ಸಾವಿರದ ಮುನ್ನೂರು, ನಾನ್ನೂರಕ್ಕೆ ವ್ಯಾಪಾರ ಮುಗಿಸಿ, ಉಳಿದದ್ದನ್ನು ಸರ್ವಿಸ್, ಹೊಸ ರಬ್ಬರ್ ರಿಂಗು ಮತ್ತು ಬೆಲ್ಟಿಗೆ ಇಟ್ಟುಕೊಳ್ಳಿ. ಚರ್ಮದ ಬೆಲ್ಟು ನಮ್ಮ ಮಳೆಗಾಲಕ್ಕೆ ಕೊಳೆಯುತ್ತದೆ. ನೈಲಾನಿನದ್ದೋ ಸ್ಟೀಲ್ ಚೈನೋ ಹಾಕಿಸಿ. ಸರ್ವಿಸಿಗೆ ಕೊಡುವುದಾದರೆ ಮೇ ತಿಂಗಳೊಳಗೆ ಕೊಡಿ. ಜೂನ್ ಬಂತೆಂದರೆ ನೀರು ಇಳಿದ ವಾಚುಗಳೆಲ್ಲ ರಿಪೇರಿಯವರ ಮೇಜಿಗೆ ಬರುತ್ತವೆ, ಆಮೇಲೆ ನಿಮ್ಮ ಸರದಿ ಬರುವುದು ಮಳೆ ನಿಂತ ಮೇಲೆಯೇ.