ನಾಲ್ಕು ಅಂಗೈಯಗಲದ ನೆಲೆ

ಧಾವಿಸುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಸುಮಾರು ಅಂಗೈಯಗಲ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಲ್ಲಿ ಹುಟ್ಟುವ ಘರ್ಷಣೆಯಿಂದಲೇ. ಅತಿವೇಗದ ಕಾರುಗಳಿಗೆಂದು ತಯಾರಾಗುವ ಟೈರಿನ ರಬ್ಬರು ಮೃದು. ಪಕ್ಕದ ಗೋಡೆ ಗಿಡ್ಡ ಮತ್ತು ಬಿಗಿ. ಮೃದುವಾದ ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿ ಹಿಡಿಯುತ್ತದೆ. ಬಿಗಿಯಾದ ಗೋಡೆಯಿಂದಾಗಿ ಚಾಲಕನು ಚಕ್ರವನ್ನು ತಿರುಗಿಸಿದೊಡನೆ ಕಾರು ತಿರುಗುತ್ತದೆ.

ಆದರೆ ಗುಣವಿದ್ದಲ್ಲಿ ದೋಷವೂ ಉಂಟು. ಮೃದು ರಬ್ಬರು ಬೇಗ ಸವೆಯುತ್ತದೆ. ಬಿಗಿ ಗೋಡೆಯಿಂದ ಕುಲುಕಾಟ ಹೆಚ್ಚುತ್ತದೆ. ಹೊರಮೈಯ ಗೀರುಗಳಲ್ಲಿ ಸಿಕ್ಕಿದ ಗಾಳಿ ಹೊರಚಿಮ್ಮುವಾಗ ಸದ್ದೇಳುತ್ತದೆ. ಮಳೆಗಾಲದಲ್ಲಿ ಆ ಗೀರುಗಳೇ ಪ್ರಾಣರಕ್ಷಕಗಳು. ಅವು ನೀರನ್ನು ಹೊರಹಾಕದಿದ್ದರೆ ವೇಗದಲ್ಲಿರುವ ಟೈರು ನೀರಿನ ಮೇಲೆ ತೇಲುತ್ತದೆ. ಕಾರು ಹತೋಟಿ ತಪ್ಪುತ್ತದೆ. ಆದುದರಿಂದಲೇ ಕಾರಿನ ಟೈರಿನಲ್ಲಿ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ಭಾರತದ ನಿಯಮವಿದೆ. ಎಷ್ಟೇ ಉತ್ತಮವಾದ ಟೈರಾದರೂ ಸವೆದ ಮೇಲೆ ಅದು ನಂಬತಕ್ಕದ್ದಲ್ಲ.